ಫೈರ್‌ಫಾಕ್ಸ್: ಇನ್ನೂ ನನ್ನ ಮಾತು ಕೇಳುವ ಬ್ರೌಸರ್

ನನ್ನ ಕೆಲಸ ವೆಬ್ ಪುಟಗಳನ್ನು ಕಟ್ಟುವುದು. ಹಾಗಾಗಿ ಕ್ರೋಮ್, ಎಡ್ಜ್, ಸಫಾರಿ, ಫೈರ್‌ಫಾಕ್ಸ್ ನಾಲ್ಕೂ ನನ್ನ ಬಳಿ ಇರಲೇಬೇಕು. ಕಟ್ಟಿದ ಪುಟ ನಾಲ್ಕರಲ್ಲೂ ಸರಿಯಾಗಿ ಕಾಣುತ್ತದಾ ಅಂತ ನೋಡಬೇಕಲ್ಲ. ಆದರೆ ಕೆಲಸ ಮುಗಿಸಿ ನನಗಾಗಿ ಏನಾದರೂ ಓದಲು, ಹುಡುಕಲು ಕೂತಾಗ ಕೈ ಹೋಗುವುದು ಫೈರ್‌ಫಾಕ್ಸ್ ಕಡೆಗೇ. ಅಭ್ಯಾಸಬಲ ಅಂತ ಸ್ನೇಹಿತರು ಹೇಳುತ್ತಾರೆ. ಅಲ್ಲ. ಕಂಪ್ಯೂಟರ್ ನನ್ನದು, ಅದರಲ್ಲಿ ಏನು ಓಡಬೇಕು, ಏನು ಓಡಬಾರದು ಎಂದು ತೀರ್ಮಾನಿಸುವುದು ನಾನು. ಈ ಮಾತನ್ನು ದೊಡ್ಡ ಬ್ರೌಸರ್‌ಗಳ ಪೈಕಿ ಇವತ್ತಿಗೂ ಗಟ್ಟಿಯಾಗಿ ಒಪ್ಪಿಕೊಂಡಿರುವುದು ಇದೊಂದೇ.

ದೂರುಗಳೂ ಇವೆ, ಜಾಸ್ತಿಯೇ ಇವೆ. ಅವು ಬಹುಪಾಲು ಬ್ರೌಸರಿನ ಮೇಲಲ್ಲ, ಅದನ್ನು ಮಾಡುವ ಮೊಜಿಲ್ಲಾ ಮೇಲೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಯುಬ್ಲಾಕ್ ಒರಿಜಿನ್. ಇದು ಮೊಜಿಲ್ಲಾದವರು ಮಾಡಿದ್ದಲ್ಲ. ರೇಮಂಡ್ ಹಿಲ್ ಎಂಬ ಪ್ರೋಗ್ರಾಮರ್ ಬರೆದ, ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಂ. ದೇಣಿಗೆ ಕೊಡುತ್ತೇವೆ ಅಂದರೂ ಅವರು ತೆಗೆದುಕೊಳ್ಳುವುದಿಲ್ಲ. ಆದರೂ ಫೈರ್‌ಫಾಕ್ಸ್ ವಿಮರ್ಶೆಯನ್ನು ಇಲ್ಲಿಂದಲೇ ಶುರು ಮಾಡಬೇಕು. ಯಾಕೆಂದರೆ ಇವತ್ತು ಕ್ರೋಮ್ ಬಿಟ್ಟು ಫೈರ್‌ಫಾಕ್ಸ್‌ಗೆ ಬರಲು ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ.

ಜಾಹೀರಾತು ತಡೆಯುವುದು ಅಂದರೆ ಮಿನುಗುವ ಚಿತ್ರಗಳನ್ನು ಮರೆಮಾಡುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಒಮ್ಮೆ ಯುಬ್ಲಾಕ್‌ನ ಲಾಗರ್ ತೆರೆದು ನೋಡಿ. ಪುಟವೊಂದು ಹೊರಗಿನ ಸರ್ವರ್‌ಗಳಿಗೆ ಕಳಿಸುವ ಪ್ರತಿ ಕೋರಿಕೆಯನ್ನೂ ಅದು ಒಂದೊಂದು ಸಾಲಾಗಿ ತೋರಿಸುತ್ತದೆ. ಟೂಲ್‌ಬಾರಿನಲ್ಲಿರುವ ಅದರ ಗುರುತನ್ನು ಒತ್ತಿದರೆ ಒಂದು ಚಿಕ್ಕ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲೇ ಲಾಗರ್‌ಗೆ ಹೋಗುವ ಬಟನ್ ಇದೆ. ಲಾಗರ್ ತೆರೆದಿಟ್ಟು, ಇನ್ನೊಂದು ಟ್ಯಾಬಿನಲ್ಲಿ ಯಾವುದಾದರೂ ದೊಡ್ಡ ಸುದ್ದಿ ಸೈಟಿನ ಒಂದು ಪುಟ ತೆಗೆಯಿರಿ. ಸಾಲುಗಳು ಸರಸರ ಏರುತ್ತವೆ. ಮೊದಲ ಕೆಲವು ಸಾಲು ನಿಮಗೆ ಬೇಕಾದವು: ಪುಟ, ಅದರ ಅಕ್ಷರಶೈಲಿ, ಒಂದೆರಡು ಫೋಟೋ. ಅಲ್ಲಿಂದ ಮುಂದೆ ಕೆಂಪು ಸಾಲುಗಳು, ಅಂದರೆ ಯುಬ್ಲಾಕ್ ತಡೆದವು. ನೀವು ಎಷ್ಟು ಹೊತ್ತು ನಿಂತಿರಿ ಅಂತ ಅಳೆಯುವವರು, ನೀವು ಯಾರು ಅಂತ ಊಹಿಸುವವರು, ನಿಮಗೆ ಯಾವ ಜಾಹೀರಾತು ತೋರಿಸಬೇಕು ಅಂತ ಆ ಕ್ಷಣದಲ್ಲೇ ಹರಾಜು ಕೂಗುವವರು. ನಾವು ಹೆಸರೇ ಕೇಳದ ಕಂಪನಿಗಳು. ಸುದ್ದಿ ಇರುವುದು ನಾಲ್ಕು ಪ್ಯಾರಾ. ಪುಟವನ್ನು ಸುಮ್ಮನೆ ಬಿಟ್ಟು ಕೂತರೂ ಆ ಸಾಲುಗಳು ನಿಲ್ಲುವುದಿಲ್ಲ, ಕೆಲವು ಸೈಟ್‌ಗಳಲ್ಲಿ ಬರುತ್ತಲೇ ಇರುತ್ತವೆ. ಪ್ರತಿಯೊಂದು ಸಾಲೂ ನಿಮ್ಮ ಡೇಟಾ, ನಿಮ್ಮ ಬ್ಯಾಟರಿ, ನಿಮ್ಮ ಸಮಯ.

ಇದನ್ನು ಕಣ್ಣಾರೆ ನೋಡಿದ ಮೇಲೆ ಜಾಹೀರಾತು ತಡೆಯುವುದು ತಪ್ಪಲ್ವಾ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ. ಪುಟದಲ್ಲಿ ಒಂದು ಚಿತ್ರ ಹಾಕಿ ಅದರ ಮೇಲೆ ಲಿಂಕ್ ಕೊಟ್ಟರೆ ನನ್ನದೇನೂ ತಕರಾರಿಲ್ಲ. ನನ್ನ ಕಂಪ್ಯೂಟರಿನಲ್ಲಿ ನನ್ನನ್ನು ಕೇಳದೆ ಯಾರ್ಯಾರದ್ದೋ ಪ್ರೋಗ್ರಾಂ ಓಡಿಸುವುದಕ್ಕೆ ತಕರಾರಿದೆ. ಇದು ಸುರಕ್ಷತೆಯ ವಿಷಯವೂ ಹೌದು. 2022ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಸಂಸ್ಥೆಯೇ ಸಾರ್ವಜನಿಕರಿಗೆ ಒಂದು ಎಚ್ಚರಿಕೆ ಕೊಟ್ಟಿತು. ಹುಡುಕಾಟದ ಫಲಿತಾಂಶಗಳಲ್ಲಿ ಅಸಲಿ ಕಂಪನಿಗಳ ಹೆಸರಿನಲ್ಲಿ ನಕಲಿ ಜಾಹೀರಾತು ಹಾಕಿ ವಂಚಿಸುತ್ತಿದ್ದಾರೆ, ಹುಡುಕುವಾಗ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಬಳಸಿ ಅಂತ ಅದರಲ್ಲಿ ಬರೆದಿತ್ತು.

ಈಗ ಕ್ರೋಮಿನ ಕಥೆಗೆ ಬರೋಣ. ಎಕ್ಸ್‌ಟೆನ್ಶನ್‌ಗಳಿಗೆ ಬ್ರೌಸರ್ ಏನೇನು ಅನುಮತಿ ಕೊಡುತ್ತದೆ ಅನ್ನುವುದಕ್ಕೆ ಒಂದು ನಿಯಮಾವಳಿ ಇದೆ. ಅದರ ಹೆಸರು ಮ್ಯಾನಿಫೆಸ್ಟ್. ಎರಡನೇ ಆವೃತ್ತಿಯಲ್ಲಿ ಎಕ್ಸ್‌ಟೆನ್ಶನ್ ಪ್ರತಿಯೊಂದು ಕೋರಿಕೆಯನ್ನೂ ಹೊರಗೆ ಹೋಗುವ ಮೊದಲೇ ನಿಲ್ಲಿಸಿ, ನೋಡಿ, ಬಿಡಬೇಕಾ ಬೇಡವಾ ಅಂತ ತಾನೇ ತೀರ್ಮಾನಿಸಬಹುದಿತ್ತು. ಗೂಗಲ್ 2018ರಲ್ಲಿ ಮುಂದಿಟ್ಟ ಮೂರನೇ ಆವೃತ್ತಿಯಲ್ಲಿ ಆ ಅಧಿಕಾರ ಇಲ್ಲ. ಎಕ್ಸ್‌ಟೆನ್ಶನ್ ಮುಂಚೆಯೇ ಒಂದು ನಿಯಮಗಳ ಪಟ್ಟಿ ಬರೆದು ಬ್ರೌಸರಿಗೆ ಕೊಡಬೇಕು, ತಡೆಯುವ ಕೆಲಸ ಬ್ರೌಸರ್ ಮಾಡುತ್ತದೆ. ಪಟ್ಟಿಗೆ ಮಿತಿಯೂ ಇದೆ. ಎಕ್ಸ್‌ಟೆನ್ಶನ್‌ಗಳು ನಿಮ್ಮ ಮಾಹಿತಿ ಕದಿಯದಿರಲಿ ಅಂತ ಹೀಗೆ ಮಾಡಿದೆವು ಎಂಬುದು ಗೂಗಲ್ ಕೊಟ್ಟ ಕಾರಣ. ಆ ಕಾರಣದಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ, ಕೆಟ್ಟ ಎಕ್ಸ್‌ಟೆನ್ಶನ್‌ಗಳು ಬೇಕಾದಷ್ಟಿವೆ. ಆದರೆ ಜಾಹೀರಾತಿನಿಂದಲೇ ಬದುಕುವ ಕಂಪನಿ ಜಾಹೀರಾತು ತಡೆಯುವವರ ಕೈ ಕಟ್ಟಿದಾಗ ಅದರ ಮಾತನ್ನು ಹಾಗೇ ನಂಬಲು ನನ್ನಿಂದಾಗದು. 2024ರ ಮಧ್ಯದಿಂದ ಕ್ರೋಮ್ ಹಳೆಯ ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಬಂತು. 2025ರಲ್ಲಿ ಅದು ಪೂರ್ತಿಯಾಯಿತು. ಈಗ ಅಲ್ಲಿ ಉಳಿದಿರುವುದು ಯುಬ್ಲಾಕ್ ಒರಿಜಿನ್ ಲೈಟ್. ಪರವಾಗಿಲ್ಲ, ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು. ಅಸಲಿಯ ಮುಂದೆ ಮಾತ್ರ ನಿಲ್ಲುವುದಿಲ್ಲ.

ಫೈರ್‌ಫಾಕ್ಸ್ ಮೂರನೇ ಆವೃತ್ತಿಯನ್ನೂ ಒಪ್ಪಿಕೊಂಡಿತು, ಹಳೆಯ ಅಧಿಕಾರವನ್ನೂ ಉಳಿಸಿತು. ಅಷ್ಟೇ ಅಲ್ಲ, ಕ್ರೋಮ್ ಹಳೆಯ ನಿಯಮದಲ್ಲಿದ್ದಾಗಲೂ ಯುಬ್ಲಾಕ್ ಒರಿಜಿನ್ ಫೈರ್‌ಫಾಕ್ಸಿನಲ್ಲೇ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಒಂದು ಉದಾಹರಣೆ ಕೊಡುತ್ತೇನೆ. ಹಿಂಬಾಲಿಸುವ ಕಂಪನಿಗಳು ಒಂದು ಉಪಾಯ ಕಂಡುಕೊಂಡಿವೆ. ತಮ್ಮ ಸರ್ವರಿಗೆ, ನೀವು ನೋಡುತ್ತಿರುವ ಸೈಟಿನದ್ದೇ ಒಂದು ಉಪ-ಡೊಮೇನ್ ಹೆಸರು ಹಾಕಿಸುತ್ತವೆ. ಹೊರಗಿನಿಂದ ನೋಡಿದರೆ ಸೈಟ್ ತನ್ನದೇ ಸರ್ವರ್ ಜೊತೆ ಮಾತಾಡುತ್ತಿರುವ ಹಾಗೆ ಕಾಣುತ್ತದೆ. ಸೈಟಿನ ಹೆಸರಿಗೆ ಸರ್ವರಿನ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಅದರ ಬೆನ್ನು ಹತ್ತಿದರೆ ಮಾತ್ರ ಅಸಲಿ ವಿಳಾಸ ಸಿಗುತ್ತದೆ. ಫೈರ್‌ಫಾಕ್ಸ್ ಎಕ್ಸ್‌ಟೆನ್ಶನ್‌ಗೆ ಡಿಎನ್‌ಎಸ್ ಕೇಳಲು ಬಿಡುತ್ತದೆ, ಹಾಗಾಗಿ ಈ ವೇಷ ಇಲ್ಲಿ ನಡೆಯುವುದಿಲ್ಲ. ಇನ್ನೊಂದು: ಬ್ರೌಸರ್ ತೆರೆದ ತಕ್ಷಣ ಹಳೆಯ ಟ್ಯಾಬ್‌ಗಳು ಮತ್ತೆ ಲೋಡ್ ಆಗುತ್ತವಲ್ಲ, ಆಗ ಯುಬ್ಲಾಕ್ ಸಿದ್ಧವಾಗುವ ತನಕ ಫೈರ್‌ಫಾಕ್ಸ್ ಕೋರಿಕೆಗಳನ್ನು ತಡೆದಿಟ್ಟುಕೊಳ್ಳುತ್ತದೆ. ಸಣ್ಣ ವಿಷಯ, ಆದರೆ ಯಾರ ಪರವಾಗಿ ಯೋಚಿಸಿ ಬರೆದಿದ್ದಾರೆ ಅನ್ನುವುದು ಇಂಥ ಕಡೆಯೇ ಗೊತ್ತಾಗುವುದು.

ಫೋನಿನಲ್ಲಿ ಇದರ ಬೆಲೆ ಇನ್ನೂ ಜಾಸ್ತಿ. ಆಂಡ್ರಾಯ್ಡ್ ಕ್ರೋಮಿನಲ್ಲಿ ಎಕ್ಸ್‌ಟೆನ್ಶನ್ ಎಂಬುದೇ ಇಲ್ಲ. ಆಂಡ್ರಾಯ್ಡ್ ಫೈರ್‌ಫಾಕ್ಸಿನಲ್ಲಿ ಕಂಪ್ಯೂಟರಿನಲ್ಲಿರುವ ಅದೇ ಯುಬ್ಲಾಕ್ ಹಾಕಬಹುದು. 2020ರ ಹೊಸ ವಿನ್ಯಾಸದಲ್ಲಿ ಎಕ್ಸ್‌ಟೆನ್ಶನ್‌ಗಳನ್ನು ಬೆರಳೆಣಿಕೆಗೆ ಇಳಿಸಿದ್ದರು, 2023ರ ಡಿಸೆಂಬರಿನಲ್ಲಿ ಮತ್ತೆ ಬಾಗಿಲು ಪೂರ್ತಿ ತೆರೆದರು. ಅಮ್ಮನ ಫೋನಿಗೆ ಇದನ್ನೇ ಹಾಕಿಕೊಟ್ಟಿದ್ದೇನೆ. ಮೊದಲು ಅವರು ಒಂದು ಸ್ತೋತ್ರದ ಪಿಡಿಎಫ್ ಇಳಿಸಿಕೊಳ್ಳಲು ಹೋದರೆ ಪುಟದಲ್ಲಿ ಮೂರು ‘ಡೌನ್‌ಲೋಡ್’ ಬಟನ್ ಇರುತ್ತಿದ್ದವು, ಮೂರೂ ಹಸಿರು, ಮೂರೂ ದೊಡ್ಡವು. ಅಸಲಿ ಲಿಂಕ್ ಕೆಳಗೆ ಚಿಕ್ಕ ಅಕ್ಷರದಲ್ಲಿ. ‘ಯಾವುದನ್ನ ಒತ್ತಲೋ’ ಅಂತ ಪ್ರತಿ ಸಲ ನನಗೆ ಫೋನ್. ಈಗ ಆ ಪುಟದಲ್ಲಿ ಅವರಿಗೆ ಕಾಣುವುದು ಒಂದೇ ಲಿಂಕ್. ವಯಸ್ಸಾದವರ ಫೋನಿಗೆ ನೀವು ಮಾಡಬಹುದಾದ ಅತ್ಯುತ್ತಮ ಕೆಲಸ ಇದು ಅಂತ ನನ್ನ ಬಲವಾದ ಅಭಿಪ್ರಾಯ.

ಐಫೋನ್ ಇರುವವರು ಇದನ್ನು ನಿರೀಕ್ಷಿಸಬೇಡಿ. ಪುಟದ ಕೋಡ್ ಓದಿ ಅದನ್ನು ತೆರೆಯ ಮೇಲೆ ಮೂಡಿಸುವ ಬ್ರೌಸರಿನ ಒಳಭಾಗಕ್ಕೆ ಎಂಜಿನ್ ಅನ್ನುತ್ತಾರೆ. ಅಲ್ಲಿ ಎಲ್ಲ ಬ್ರೌಸರ್‌ಗಳೂ ಆಪಲ್ಲಿನ ವೆಬ್‌ಕಿಟ್ ಎಂಜಿನ್ನನ್ನೇ ಬಳಸಬೇಕು ಎಂಬ ನಿಯಮ ಬಹಳ ವರ್ಷಗಳಿಂದ ಇದೆ. 2024ರಲ್ಲಿ ಐರೋಪ್ಯ ಒಕ್ಕೂಟದ, 2025ರ ಕೊನೆಗೆ ಜಪಾನಿನ ಕಾನೂನಿಗೆ ಮಣಿದು ಆ ದೇಶಗಳಲ್ಲಿ ಸಡಿಲಿಸಿದರು. ಐಫೋನಿನ ಫೈರ್‌ಫಾಕ್ಸ್ ಒಳಗೆ ಸಫಾರಿಯ ಎಂಜಿನ್ನೇ ಇದೆ, ಎಕ್ಸ್‌ಟೆನ್ಶನ್‌ಗಳೂ ಇಲ್ಲ.

ಎರಡನೆಯದಾಗಿ ನಾನು ಬಿಟ್ಟಿರಲಾರದ್ದು ಕಂಟೇನರ್‌ಗಳು. ಮೊಜಿಲ್ಲಾದವರೇ 2017ರಲ್ಲಿ ಹೊರತಂದ ಮಲ್ಟಿ-ಅಕೌಂಟ್ ಕಂಟೇನರ್ಸ್ ಎಂಬ ಎಕ್ಸ್‌ಟೆನ್ಶನ್. ಸೈಟ್‌ಗಳು ನಿಮ್ಮನ್ನು ಗುರುತಿಡಲು ಬ್ರೌಸರಿನಲ್ಲಿ ಬಿಟ್ಟುಹೋಗುವ ಚಿಕ್ಕ ಚೀಟಿಗಳೇ ಕುಕಿಗಳು. ಇಲ್ಲಿ ಒಂದೊಂದು ಕಂಟೇನರಿಗೂ ಬೇರೆ ಬೇರೆ ಕುಕಿ ಡಬ್ಬಿ. ಟ್ಯಾಬಿನ ಮೇಲೆ ಒಂದು ಬಣ್ಣದ ಗೆರೆ ಕಾಣುತ್ತದೆ. ನನ್ನದರಲ್ಲಿ ಆಫೀಸಿನದು ಕಿತ್ತಳೆ, ಸ್ವಂತದ್ದು ನೀಲಿ, ಬ್ಯಾಂಕಿನದು ಹಸಿರು. ಒಂದೇ ಮೇಲ್ ಸೇವೆಯಲ್ಲಿ ಆಫೀಸಿನ ಖಾತೆ ಒಂದು ಟ್ಯಾಬಿನಲ್ಲಿ, ಸ್ವಂತ ಖಾತೆ ಪಕ್ಕದ ಟ್ಯಾಬಿನಲ್ಲಿ, ಎರಡೂ ಒಟ್ಟಿಗೆ ತೆರೆದಿರುತ್ತವೆ. ಒಂದಕ್ಕೆ ಇನ್ನೊಂದು ಇರುವುದೇ ಗೊತ್ತಿರುವುದಿಲ್ಲ. ಬ್ಯಾಂಕಿನ ವಿಳಾಸ ಯಾವಾಗಲೂ ಹಸಿರು ಕಂಟೇನರಿನಲ್ಲೇ ತೆರೆಯಬೇಕು ಅಂತ ಒಮ್ಮೆ ಹೇಳಿಬಿಟ್ಟರೆ, ಎಲ್ಲಿಂದ ಕ್ಲಿಕ್ ಮಾಡಿದರೂ ಅಲ್ಲೇ ತೆರೆಯುತ್ತದೆ. ಕ್ರೋಮಿನಲ್ಲಿ ಇದಕ್ಕೆ ಬೇರೆ ಪ್ರೊಫೈಲ್ ಮಾಡಿ ಬೇರೆ ವಿಂಡೋ ತೆರೆಯಬೇಕು. ಟೆಸ್ಟಿಂಗ್ ಮಾಡುವವರಿಗಂತೂ ಇದು ವರ. ಅಡ್ಮಿನ್ ಆಗಿ ಒಂದು ಟ್ಯಾಬ್, ಮಾಮೂಲಿ ಬಳಕೆದಾರನಾಗಿ ಇನ್ನೊಂದು, ಲಾಗಿನ್ ಆಗದವನಾಗಿ ಮತ್ತೊಂದು. ಮೂರೂ ಅಕ್ಕಪಕ್ಕ.

ಕಂಟೇನರ್ ಹಾಕದಿದ್ದರೂ 2022ರ ಜೂನ್‌ನಿಂದ ಫೈರ್‌ಫಾಕ್ಸ್ ಪ್ರತಿ ಸೈಟಿನ ಕುಕಿಗಳನ್ನೂ ಆಯಾ ಸೈಟಿಗೇ ಸೀಮಿತ ಮಾಡಿಟ್ಟಿರುತ್ತದೆ. ನೀವು ಯಾವ ಸೆಟ್ಟಿಂಗನ್ನೂ ಮುಟ್ಟಬೇಕಿಲ್ಲ. ಇತ್ತ ಕ್ರೋಮ್ ಮೂರನೇ ವ್ಯಕ್ತಿಯ ಕುಕಿಗಳನ್ನು, ಅಂದರೆ ನೀವು ನೋಡುತ್ತಿರುವ ಸೈಟಲ್ಲದೆ ಬೇರೆಯವರು ಹಾಕುವವನ್ನು, ತೆಗೆಯುತ್ತೇವೆ ಅಂತ 2020ರಲ್ಲಿ ಮಾತು ಕೊಟ್ಟು, ಮುಂದೆ ಹಾಕುತ್ತಾ ಹಾಕುತ್ತಾ, ಕೊನೆಗೆ ಆ ಯೋಜನೆಯನ್ನೇ ಕೈಬಿಟ್ಟಿತು.

ಸಣ್ಣಪುಟ್ಟ ಅನುಕೂಲಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕೆಲವು ಸೈಟ್‌ಗಳು ಬಲ ಕ್ಲಿಕ್ ಮಾಡಲು ಬಿಡುವುದಿಲ್ಲ, ಗೊತ್ತಲ್ಲ? ಶಿಫ್ಟ್ ಹಿಡಿದು ಬಲ ಕ್ಲಿಕ್ ಮಾಡಿ, ಮೆನು ಬರುತ್ತದೆ. ಟ್ಯಾಬ್‌ಗಳು ರಾಶಿ ಬಿದ್ದಾಗ ವಿಳಾಸ ಪಟ್ಟಿಯಲ್ಲಿ ಶೇಕಡಾ ಚಿಹ್ನೆ ಹಾಕಿ, ಜಾಗ ಬಿಟ್ಟು, ನೆನಪಿದ್ದ ಒಂದು ಪದ ಬರೆಯಿರಿ. ತೆರೆದಿರುವ ಟ್ಯಾಬ್‌ಗಳಲ್ಲಿ ಮಾತ್ರ ಹುಡುಕಿಕೊಡುತ್ತದೆ. ನಕ್ಷತ್ರ ಚಿಹ್ನೆ ಹಾಕಿದರೆ ಬುಕ್‌ಮಾರ್ಕ್‌ಗಳಲ್ಲಿ. ಓದುವ ನೋಟ ಒತ್ತಿದರೆ ಪುಟದ ಗಲಾಟೆಯೆಲ್ಲ ಹೋಗಿ ಬರಹ ಮಾತ್ರ ಉಳಿಯುತ್ತದೆ. 2025ರ ಮಾರ್ಚಿನಲ್ಲಿ ಟ್ಯಾಬ್‌ಗಳನ್ನು ಎಡಗಡೆ ಉದ್ದಕ್ಕೆ ಜೋಡಿಸುವ ಸೌಲಭ್ಯ ಬಂತು. ಎಡ್ಜ್‌ನಲ್ಲಿ ವರ್ಷಗಳಿಂದ ಇದ್ದದ್ದು, ಇಲ್ಲಿ ತಡವಾಗಿ ಬಂತು, ಆದರೂ ಚೆನ್ನಾಗಿ ಬಂತು.

ಅನುವಾದದ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. 2023ರ ಸೆಪ್ಟೆಂಬರಿನ 118ನೇ ಆವೃತ್ತಿಯಿಂದ ಫೈರ್‌ಫಾಕ್ಸ್ ಪುಟಗಳನ್ನು ನಿಮ್ಮ ಕಂಪ್ಯೂಟರಿನಲ್ಲೇ ಅನುವಾದ ಮಾಡುತ್ತದೆ. ಆ ಭಾಷೆಯ ಮಾದರಿಯನ್ನು ಒಮ್ಮೆ ಇಳಿಸಿಕೊಳ್ಳುತ್ತದೆ, ಆಮೇಲೆ ನೀವು ಓದುವ ಪುಟದ ಒಂದಕ್ಷರವೂ ಅನುವಾದಕ್ಕಾಗಿ ಹೊರಗೆ ಹೋಗುವುದಿಲ್ಲ. ಇದು ಐರೋಪ್ಯ ಒಕ್ಕೂಟದ ನೆರವಿನಿಂದ ನಡೆದ ಬರ್ಗಮಾಟ್ ಯೋಜನೆಯ ಫಲ. ಎಡಿನ್‌ಬರೋ, ಪ್ರಾಗ್, ಶೆಫೀಲ್ಡ್, ಟಾರ್ಟು ವಿಶ್ವವಿದ್ಯಾಲಯಗಳು ಮೊಜಿಲ್ಲಾ ಜೊತೆ ಸೇರಿ ಮಾಡಿದ್ದು. ಭಾಷೆಗಳ ಸಂಖ್ಯೆಯಲ್ಲಿ ಗೂಗಲ್ ಅನುವಾದದ ಹತ್ತಿರಕ್ಕೂ ಬರುವುದಿಲ್ಲ. ಆದರೆ ಜರ್ಮನ್ ಭಾಷೆಯಲ್ಲಿ ಬಂದ ಒಂದು ಒಪ್ಪಂದದ ಪತ್ರವನ್ನೋ, ಫ್ರೆಂಚಿನಲ್ಲಿರುವ ವೈದ್ಯಕೀಯ ವರದಿಯನ್ನೋ ಓದಬೇಕಾದಾಗ ನಾನು ಇದನ್ನೇ ನಂಬುತ್ತೇನೆ. ಕಂಪ್ಯೂಟರ್‌ಗಳು ಇಷ್ಟು ಶಕ್ತಿವಂತ ಆಗಿರುವಾಗ ಪ್ರತಿಯೊಂದಕ್ಕೂ ಯಾರದ್ದೋ ಸರ್ವರ್ ಮುಂದೆ ಕೈಯೊಡ್ಡುವುದು ಯಾಕೆ?

ವೇಗದ ಬಗ್ಗೆ ಎಲ್ಲರೂ ಕೇಳುತ್ತಾರೆ. ಫೈರ್‌ಫಾಕ್ಸ್ ನಿಧಾನ ಎಂಬ ಹೆಸರು 2010ರಿಂದಾಚೆಗೆ ಅಂಟಿಕೊಂಡಿತು, ಆಗ ಅದು ನಿಜವೂ ಆಗಿತ್ತು. 2017ರ ನವೆಂಬರಿನಲ್ಲಿ ಬಂದ 57ನೇ ಆವೃತ್ತಿ, ಕ್ವಾಂಟಮ್ ಅಂತ ಕರೆದದ್ದು, ಆ ಮಾತನ್ನು ಅಳಿಸಿಹಾಕಬೇಕಿತ್ತು. ಪುಟದ ಶೈಲಿಯನ್ನು ಲೆಕ್ಕ ಹಾಕುವ ಭಾಗವನ್ನು ಪೂರ್ತಿ ಹೊಸದಾಗಿ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದರು. ಪ್ರೊಸೆಸರಿನ ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುವ ಹಾಗಾಯಿತು. ಆ ರಸ್ಟ್ ಭಾಷೆ ಬೆಳೆದದ್ದೂ ಮೊಜಿಲ್ಲಾದಲ್ಲೇ. ಇವತ್ತು ಓದುವ ಪುಟಗಳಲ್ಲಿ ಕ್ರೋಮಿಗೂ ಇದಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಯುಬ್ಲಾಕ್ ಹಾಕಿದ ಮೇಲೆ ಇದೇ ಮುಂದೆ. ಆದರೆ ತುಂಬಾ ಭಾರವಾದ ವೆಬ್ ಆಪ್‌ಗಳಲ್ಲಿ, ದೊಡ್ಡ ಸ್ಪ್ರೆಡ್‌ಶೀಟ್‌ಗಳಲ್ಲಿ, ಹತ್ತಾರು ಜನರಿರುವ ವಿಡಿಯೋ ಮೀಟಿಂಗಿನಲ್ಲಿ ಕ್ರೋಮ್ ಹೆಚ್ಚು ಸಲೀಸು ಅನ್ನಿಸುತ್ತದೆ. ನನ್ನ ಎಂಟು ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ಶುರುವಾದರೆ ಫ್ಯಾನ್ ಕೂಗುವುದು ಫೈರ್‌ಫಾಕ್ಸಿನಲ್ಲೇ ಜಾಸ್ತಿ.

ಯಾವ ಟ್ಯಾಬ್ ಕಂಪ್ಯೂಟರನ್ನು ಹಿಂಡುತ್ತಿದೆ ಅಂತ ತಿಳಿಯಲು ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ. ಪ್ರತಿ ಸೈಟ್ ಎಷ್ಟು ಮೆಮೊರಿ, ಎಷ್ಟು ಸಿಪಿಯು ತಿನ್ನುತ್ತಿದೆ ಎಂಬ ಪಟ್ಟಿ ಬರುತ್ತದೆ. ಬಹಳ ಸಲ ತಪ್ಪು ಬ್ರೌಸರಿನದಲ್ಲ, ಹಿಂದೆಲ್ಲೋ ತೆರೆದು ಮರೆತ ಒಂದು ಪುಟದ್ದು. ಅದೊಂದನ್ನೇ ಅಲ್ಲಿಂದಲೇ ಮುಚ್ಚಬಹುದು.

ಇನ್ನು ಸೈಟ್‌ಗಳೇ ಬಾಗಿಲು ಹಾಕುವ ವಿಷಯ. ನಾನು ಬಳಸಲೇಬೇಕಾದ ಒಂದು ಹಣಕಾಸಿನ ಸೈಟ್ ಫೈರ್‌ಫಾಕ್ಸಿನಲ್ಲಿ ತೆರೆದರೆ ‘ದಯವಿಟ್ಟು ಕ್ರೋಮ್ ಬಳಸಿ’ ಅಂತ ಒಂದು ಬಿಳಿ ಪುಟ ತೋರಿಸಿ ನಿಂತುಬಿಡುತ್ತದೆ. ನಾನು ಕ್ರೋಮ್ ಅಂತ ಹೆಸರು ಹೇಳಿಕೊಳ್ಳುವ ಹಾಗೆ ಬ್ರೌಸರಿನ ಯೂಸರ್ ಏಜೆಂಟ್ ಬದಲಿಸಿದೆ. ಸೈಟ್ ತೆರೆಯಿತು. ಲಾಗಿನ್, ಫಾರಂ, ರಸೀದಿ ಇಳಿಸುವುದು, ಎಲ್ಲವೂ ಕೆಲಸ ಮಾಡಿದವು. ಅಂದರೆ ಅಲ್ಲಿ ತಾಂತ್ರಿಕ ಅಡ್ಡಿ ಏನೂ ಇರಲಿಲ್ಲ. ಯಾರೂ ಫೈರ್‌ಫಾಕ್ಸಿನಲ್ಲಿ ಪರೀಕ್ಷೆ ಮಾಡಿಲ್ಲ, ಮಾಡುವ ಬದಲು ಬಾಗಿಲು ಹಾಕಿದ್ದಾರೆ. ಇದೇ ಕೆಲಸ ಮಾಡುವವನಾಗಿ ನನಗೆ ಇದು ಸಿಟ್ಟು ತರಿಸುತ್ತದೆ. ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ ಸೇರಿ ಪ್ರತಿ ವರ್ಷ ಇಂಟರಾಪ್ ಎಂಬ ಯೋಜನೆಯಲ್ಲಿ ಬ್ರೌಸರ್‌ಗಳ ನಡುವಿನ ವ್ಯತ್ಯಾಸಗಳನ್ನು ಕಡಿಮೆ ಮಾಡುತ್ತಾ ಬಂದಿದ್ದಾರೆ. ಒಂದು ಫಾರಂ ಮೂರು ಎಂಜಿನ್‌ಗಳಲ್ಲೂ ಒಂದೇ ರೀತಿ ಕೆಲಸ ಮಾಡುವಂತೆ ಬರೆಯುವುದು ಈಗ ಕಷ್ಟವೇ ಅಲ್ಲ.

ಮೂರು ಎಂಜಿನ್ ಅಂದೆ. ಬ್ರೌಸರ್‌ಗಳ ಹೆಸರು ಎಷ್ಟಿದ್ದರೂ ಒಳಗಿನ ಎಂಜಿನ್ ಲೆಕ್ಕಕ್ಕೆ ಮೂರೇ. ಗೂಗಲ್ಲಿನ ಬ್ಲಿಂಕ್, ಆಪಲ್ಲಿನ ವೆಬ್‌ಕಿಟ್, ಮೊಜಿಲ್ಲಾದ ಗೆಕೋ. ಒಪೆರಾ 2013ರಲ್ಲಿ ತನ್ನ ಸ್ವಂತ ಎಂಜಿನ್ ಬಿಟ್ಟಿತು. ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ಎಡ್ಜನ್ನು ಕ್ರೋಮಿಯಂ ಮೇಲೆ, ಅಂದರೆ ಬ್ಲಿಂಕ್ ಇರುವ ಕ್ರೋಮಿನ ಮೂಲ ಕೋಡಿನ ಮೇಲೆ, ಕಟ್ಟಿ ಬಿಡುಗಡೆ ಮಾಡಿತು. ಬ್ರೇವ್, ವಿವಾಲ್ಡಿ ಎಲ್ಲವೂ ಅದೇ. ಬ್ರೇವ್‌ನ ಒಳಗೇ ಇರುವ ಜಾಹೀರಾತು ತಡೆ ಒಳ್ಳೆಯದು, ಒಪ್ಪುತ್ತೇನೆ. ಆದರೆ ಬುನಾದಿ ಗೂಗಲ್ಲಿನದು. ಬ್ಲಿಂಕ್ ಒಳ್ಳೆಯ ಎಂಜಿನ್, ಅದರ ಕೋಡೂ ಎಲ್ಲರಿಗೂ ತೆರೆದಿದೆ. ನನ್ನ ಚಿಂತೆ ಅದರ ಗುಣಮಟ್ಟದ್ದಲ್ಲ. ಅದು ಯಾವ ದಿಕ್ಕಿಗೆ ಹೋಗಬೇಕು ಅನ್ನುವುದನ್ನು ಒಂದೇ ಕಂಪನಿ ತೀರ್ಮಾನಿಸುತ್ತದೆ ಅನ್ನುವುದು.

ಒಂದೇ ಬ್ರೌಸರ್ ಆಳಿದರೆ ಏನಾಗುತ್ತದೆ ಅಂತ ಒಮ್ಮೆ ನೋಡಿಯಾಗಿದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಬಂದದ್ದು 2001ರಲ್ಲಿ. ಬಳಕೆದಾರರಲ್ಲಿ ಹತ್ತಕ್ಕೆ ಒಂಬತ್ತು ಜನ ಅದರಲ್ಲೇ ಇದ್ದರು. ಮುಂದಿನ ಆವೃತ್ತಿ ಬರಲು 2006 ಆಗಬೇಕಾಯಿತು. ಸ್ಪರ್ಧೆ ಇಲ್ಲ, ಹಾಗಾಗಿ ಅವಸರವೂ ಇಲ್ಲ. ಅದು ಕೊನೆಗೂ ಬಂದದ್ದಕ್ಕೆ ದೊಡ್ಡ ಕಾರಣ 2004ರ ನವೆಂಬರಿನಲ್ಲಿ ಬಂದ ಫೈರ್‌ಫಾಕ್ಸ್ 1.0. ಈಗಿನ ಕಾಲದ ಉದಾಹರಣೆಯೂ ಇದೆ. 2023ರಲ್ಲಿ ಗೂಗಲ್ಲಿನ ಎಂಜಿನಿಯರುಗಳು ವೆಬ್ ಎನ್ವಿರಾನ್‌ಮೆಂಟ್ ಇಂಟೆಗ್ರಿಟಿ ಎಂಬ ಪ್ರಸ್ತಾಪ ತಂದರು. ನಿಮ್ಮ ಸಾಧನ, ನಿಮ್ಮ ಬ್ರೌಸರ್ ‘ನಂಬಲರ್ಹ’ವೇ ಅಂತ ಮೂರನೆಯವರು ಸೈಟಿಗೆ ಪ್ರಮಾಣಪತ್ರ ಕೊಡುವ ವ್ಯವಸ್ಥೆ. ಅದು ಜಾರಿಗೆ ಬಂದಿದ್ದರೆ ಯೂಸರ್ ಏಜೆಂಟ್ ಬದಲಿಸಿ ಒಳಗೆ ಹೋಗುವ ನನ್ನ ದಾರಿ ಮುಚ್ಚಿಹೋಗುತ್ತಿತ್ತು. ಮೊಜಿಲ್ಲಾ ಬಹಿರಂಗವಾಗಿ ವಿರೋಧಿಸಿತು, ಬ್ರೇವ್ ಮತ್ತು ವಿವಾಲ್ಡಿಯೂ ವಿರೋಧಿಸಿದವು. ಅದೇ ನವೆಂಬರಿನಲ್ಲಿ ಗೂಗಲ್ ಅದನ್ನು ಕೈಬಿಟ್ಟಿತು. ಬೇರೆ ಎಂಜಿನ್ ಇಟ್ಟುಕೊಂಡು ‘ನಮಗೆ ಬೇಡ’ ಅನ್ನುವವರೊಬ್ಬರು ಆ ಮೇಜಿನಲ್ಲಿ ಇರಲೇಬೇಕು.

ಆ ಸ್ಥಾನದಲ್ಲಿ ಕೂತಿರುವ ಮೊಜಿಲ್ಲಾ ಎಡವಿದಾಗಲೆಲ್ಲ ನನಗೆ ಇಷ್ಟು ಹೊಟ್ಟೆ ಉರಿಯುವುದು ಇದಕ್ಕೇ. 2017ರ ಡಿಸೆಂಬರಿನಲ್ಲಿ ಒಂದು ಟಿವಿ ಧಾರಾವಾಹಿಯ ಪ್ರಚಾರದ ಎಕ್ಸ್‌ಟೆನ್ಶನ್ನನ್ನು ಜನರ ಬ್ರೌಸರಿಗೆ ಕೇಳದೆ ತಳ್ಳಿದರು. 2019ರ ಮೇ ತಿಂಗಳಲ್ಲಿ ಒಂದು ಸರ್ಟಿಫಿಕೇಟಿನ ಅವಧಿ ಮುಗಿದದ್ದನ್ನು ಗಮನಿಸದೆ, ಲೋಕದಾದ್ಯಂತ ಎಲ್ಲರ ಎಕ್ಸ್‌ಟೆನ್ಶನ್‌ಗಳೂ ಒಟ್ಟಿಗೆ ನಿಂತುಹೋದವು. 2020ರ ಆಗಸ್ಟಿನಲ್ಲಿ ಸುಮಾರು 250 ಜನರನ್ನು ಕೆಲಸದಿಂದ ತೆಗೆದರು. ಕ್ವಾಂಟಮ್‌ಗೆ ಬೀಜ ಕೊಟ್ಟ ಸರ್ವೋ ಎಂಜಿನ್ ತಂಡವೂ ಅದರಲ್ಲಿ ಹೋಯಿತು. ಮುಂದಿನ ಎಂಜಿನ್ ಬರೆಯಬೇಕಾದವರನ್ನೇ ಕಳಿಸಿಬಿಟ್ಟರು. ಇದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. 2024ರ ಜುಲೈನಲ್ಲಿ ಜಾಹೀರಾತಿನ ಪರಿಣಾಮ ಅಳೆಯುವ ಒಂದು ವ್ಯವಸ್ಥೆಯನ್ನು 128ನೇ ಆವೃತ್ತಿಯಲ್ಲಿ ಸೇರಿಸಿ, ಕೇಳದೆಯೇ ಆನ್ ಮಾಡಿಟ್ಟರು. ಅದರ ಲೆಕ್ಕಾಚಾರ ಹಿಂಬಾಲಿಸುವ ಕುಕಿಗಳಿಗಿಂತ ಎಷ್ಟೋ ಮೇಲಾಗಿತ್ತು, ನಿಜ. ಆದರೆ ಬಳಕೆದಾರರನ್ನು ಕೇಳಿ ಮಾಡುವುದೇ ತಾನೆ ಈ ಬ್ರೌಸರಿನ ಹೆಗ್ಗಳಿಕೆ?

2025ರ ಫೆಬ್ರವರಿಯಲ್ಲಿ ಇನ್ನೊಂದು. ಮೊದಲ ಬಾರಿಗೆ ಬಳಕೆಯ ಷರತ್ತುಗಳನ್ನು ಬರೆದು, ನೀವು ಬ್ರೌಸರಿನಲ್ಲಿ ಟೈಪ್ ಮಾಡಿದ್ದರ ಮೇಲೆ ಮೊಜಿಲ್ಲಾಗೆ ವಿಶಾಲವಾದ ಪರವಾನಗಿ ಇದೆ ಅಂತ ಓದಿಕೊಳ್ಳಬಹುದಾದ ವಾಕ್ಯ ಹಾಕಿದರು. ‘ನಿಮ್ಮ ಡೇಟಾ ಎಂದೂ ಮಾರುವುದಿಲ್ಲ’ ಎಂಬ ಹಳೆಯ ಮಾತನ್ನೂ ಪುಟದಿಂದ ತೆಗೆದರು. ಜನ ಎದ್ದು ನಿಂತ ಮೇಲೆ, ಕೆಲವೇ ದಿನಗಳಲ್ಲಿ ಪರವಾನಗಿಯ ವಾಕ್ಯವನ್ನು ತಿದ್ದಿ ಬರೆದರು. ಅದೇ ವರ್ಷ ಜುಲೈನಲ್ಲಿ, ಲೇಖನಗಳನ್ನು ಆಮೇಲೆ ಓದಲು ಉಳಿಸಿಡುವ ತಮ್ಮ ಪಾಕೆಟ್ ಸೇವೆಯನ್ನು ಮುಚ್ಚಿದರು. ಆಮೇಲೆ ಎಐ. ಪಕ್ಕದ ಪಟ್ಟಿಯಲ್ಲಿ ಚಾಟ್‌ಬಾಟ್, ಅಲ್ಲಿ ಇಲ್ಲಿ ಸಲಹೆಗಳು. ಡಿಸೆಂಬರಿನಲ್ಲಿ ಹೊಸ ಮುಖ್ಯಸ್ಥರು ಫೈರ್‌ಫಾಕ್ಸನ್ನು ಎಐ ಬ್ರೌಸರ್ ಮಾಡುವ ಮಾತಾಡಿದಾಗ ಬಂದ ವಿರೋಧ ನೋಡಿ, ಎಲ್ಲವನ್ನೂ ಒಂದೇ ಕಡೆ ಆಫ್ ಮಾಡುವ ಸ್ವಿಚ್ ಕೊಡುತ್ತೇವೆ ಅಂದರು. ಸ್ವಿಚ್ ಕೊಡುವುದು ಸರಿ. ಮೊದಲು ಮಾಡಿ ಆಮೇಲೆ ಕೇಳುವ ಚಾಳಿ ಸರಿಯಲ್ಲ.

ಇಷ್ಟೆಲ್ಲದರ ಬೇರು ದುಡ್ಡು. 2025ರ ಮೇ ತಿಂಗಳಲ್ಲಿ ಗೂಗಲ್ ಏಕಸ್ವಾಮ್ಯದ ಮೊಕದ್ದಮೆಯಲ್ಲಿ ಮೊಜಿಲ್ಲಾದ ಹಣಕಾಸು ಮುಖ್ಯಸ್ಥರೇ ಸಾಕ್ಷಿ ಹೇಳಿದರು. ಸಂಸ್ಥೆಯ ಆದಾಯದ ಸುಮಾರು ಶೇ. 90 ಬರುವುದು ಫೈರ್‌ಫಾಕ್ಸಿನಿಂದ, ಅದರಲ್ಲಿ ಸುಮಾರು ಶೇ. 85 ಗೂಗಲ್ ಜೊತೆಗಿನ ಹುಡುಕಾಟದ ಒಪ್ಪಂದದಿಂದ, ಅಂದರೆ ಬ್ರೌಸರಿನಲ್ಲಿ ಗೂಗಲ್ ಹುಡುಕಾಟವನ್ನೇ ಮೊದಲ ಆಯ್ಕೆಯಾಗಿ ಇಡುವುದಕ್ಕೆ ಗೂಗಲ್ ಕೊಡುವ ದುಡ್ಡು. ಸೆಪ್ಟೆಂಬರಿನ ತೀರ್ಪಿನಲ್ಲಿ ನ್ಯಾಯಾಲಯ ಇಂಥ ಪಾವತಿಗಳನ್ನು ಪೂರ್ತಿ ನಿಷೇಧಿಸಲಿಲ್ಲ, ಹಾಗಾಗಿ ಸದ್ಯಕ್ಕೆ ಉಸಿರು ಉಳಿದಿದೆ. ಗೂಗಲ್ಲಿಗೆ ಎದುರಾಗಿ ನಿಲ್ಲಬೇಕಾದವರ ಅನ್ನ ಗೂಗಲ್ಲಿನ ಕೈಯಲ್ಲಿದೆ. ಇದು ಗೊತ್ತಿದ್ದೂ ಮೊಜಿಲ್ಲಾ ಒಂದು ಸರಳ ಕೆಲಸ ಮಾಡಿಲ್ಲ: ಫೈರ್‌ಫಾಕ್ಸಿಗೇ ಅಂತ ದುಡ್ಡು ಕೊಡಲು ನನಗೆ ದಾರಿ ಮಾಡಿಕೊಟ್ಟಿಲ್ಲ. ಮೊಜಿಲ್ಲಾ ಫೌಂಡೇಶನ್ನಿಗೆ ಕೊಡುವ ದೇಣಿಗೆ ಅದರ ಬೇರೆ ಕಾರ್ಯಕ್ರಮಗಳಿಗೆ ಹೋಗುತ್ತದೆ, ಬ್ರೌಸರ್ ಬರೆಯುವ ಕಾರ್ಪೊರೇಶನ್ನಿಗಲ್ಲ. ಅದೇ ಕುಟುಂಬದ ಥಂಡರ್‌ಬರ್ಡ್ ಮೇಲ್ ಪ್ರೋಗ್ರಾಂ ನೋಡಿ. ಬಳಕೆದಾರರನ್ನು ನೇರವಾಗಿ ಕೇಳಿತು, ಅವರ ದೇಣಿಗೆಯಲ್ಲೇ ನಡೆಯುತ್ತಿದೆ, ವರ್ಷದಿಂದ ವರ್ಷಕ್ಕೆ ಚೆನ್ನಾಗುತ್ತಿದೆ. ಬ್ರೌಸರಿನ ಖರ್ಚು ಮೇಲ್ ಪ್ರೋಗ್ರಾಮಿನದಕ್ಕಿಂತ ಬಹಳ ದೊಡ್ಡದು, ನಮ್ಮ ದೇಣಿಗೆಯಲ್ಲೇ ಪೂರ್ತಿ ನಡೆಯದು. ಆದರೂ ಕೇಳಿ ನೋಡಬೇಕಿತ್ತು. ಕೊಡಲು ನಾನಂತೂ ಸಿದ್ಧ.

ಮೊಜಿಲ್ಲಾ ಬೇಡ ಅಂತ, ಫೈರ್‌ಫಾಕ್ಸಿನ ಕೋಡಿನಿಂದಲೇ ಬೇರೆಯವರು ಮಾಡಿದ ಲಿಬ್ರೆವುಲ್ಫ್, ವಾಟರ್‌ಫಾಕ್ಸ್ ಕಡೆಗೆ ಹೋದವರಿದ್ದಾರೆ. ಟಾರ್ ಬ್ರೌಸರ್ ಕೂಡ ಫೈರ್‌ಫಾಕ್ಸಿನ ಮೇಲೇ ಕಟ್ಟಿದ್ದು. ಒಳ್ಳೆಯ ಕೆಲಸಗಳೇ. ಆದರೆ ಗೆಕೋ ಬರೆಯುವವರು ಮೊಜಿಲ್ಲಾದಲ್ಲಿದ್ದಾರೆ. ಅಲ್ಲಿ ಆ ಕೆಲಸ ನಿಂತುಹೋದರೆ ಇವೂ ನಿಂತುಹೋಗುತ್ತವೆ. ಹಾಗಾಗಿ ನಾನು ಮೂಲದಲ್ಲೇ ಇದ್ದೇನೆ. 2009ರ ಕೊನೆಗೆ, ಬ್ರೌಸರ್ ಬಳಕೆ ಅಳೆಯುವ ಸ್ಟ್ಯಾಟ್‌ಕೌಂಟರ್ ಲೆಕ್ಕದಲ್ಲಿ ಶೇ. 30 ದಾಟಿದ್ದ ಫೈರ್‌ಫಾಕ್ಸಿನ ಪಾಲು ಈಗ ಶೇ. 2-3ರ ಆಸುಪಾಸಿಗೆ ಬಂದಿದೆ. ಈ ಹೊತ್ತಿನಲ್ಲಿ ಒಬ್ಬೊಬ್ಬ ಬಳಕೆದಾರನೂ ಲೆಕ್ಕಕ್ಕೆ ಬರುತ್ತಾನೆ.

ಹಾಕಿಕೊಳ್ಳಬೇಕು ಅಂತ ಮನಸ್ಸು ಮಾಡಿದರೆ ಹೀಗೆ ಮಾಡಿ. ಇನ್‌ಸ್ಟಾಲ್ ಮಾಡಿದಾಗ ಕ್ರೋಮಿನ ಬುಕ್‌ಮಾರ್ಕ್, ಪಾಸ್‌ವರ್ಡ್ ತರಲಾ ಅಂತ ಅದೇ ಕೇಳುತ್ತದೆ, ಹೂಂ ಅನ್ನಿ. ಯುಬ್ಲಾಕ್ ಒರಿಜಿನ್ ಹಾಕಿ. ಅದೇ ಹೆಸರಿನ ಹತ್ತಿರ ಬರುವ ಬೇರೆಯವನ್ನು ಮುಟ್ಟಬೇಡಿ. ಸೆಟ್ಟಿಂಗ್‌ನ ಖಾಸಗಿತನದ ಭಾಗದಲ್ಲಿ ಮೊಜಿಲ್ಲಾಗೆ ಬಳಕೆಯ ಮಾಹಿತಿ ಕಳಿಸುವ ಗುರುತುಗಳನ್ನು ತೆಗೆಯಿರಿ. ಅಲ್ಲೇ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಮಾತ್ರ ಎಂಬುದನ್ನು ಆನ್ ಮಾಡಿ. ಹೊಸ ಟ್ಯಾಬಿನ ಪುಟದಲ್ಲಿ ಪ್ರಾಯೋಜಿತ ಅಂತ ಇರುವುದನ್ನೆಲ್ಲ ತೆಗೆಯಿರಿ. ಇದನ್ನು ಬಳಕೆದಾರರೇ ಮಾಡಬೇಕಾಗಿ ಬಂದಿರುವುದೂ ನನ್ನ ದೂರುಗಳಲ್ಲಿ ಒಂದು. ನಾಲ್ಕು ವಾರಕ್ಕೊಮ್ಮೆ ಬದಲಾಗುವುದು ಕಿರಿಕಿರಿ ಅನ್ನುವವರಿಗೆ ಇಎಸ್‌ಆರ್ ಆವೃತ್ತಿ ಇದೆ, ಅದಕ್ಕೆ ಸುರಕ್ಷತೆಯ ತಿದ್ದುಪಡಿ ಬರುತ್ತಿರುತ್ತದೆ, ಹೊಸ ವೈಶಿಷ್ಟ್ಯಗಳು ಸುಮಾರು ವರ್ಷಕ್ಕೊಮ್ಮೆ ಮಾತ್ರ.

ಕ್ರೋಮನ್ನು ಅಳಿಸಬೇಕಾಗಿಲ್ಲ. ಒಂದೆರಡು ಹಟಮಾರಿ ಸೈಟ್‌ಗಳಿಗೆ ಅದು ಇರಲಿ. ಆದರೆ ಯಾವುದಾದರೂ ಸೈಟ್ ಫೈರ್‌ಫಾಕ್ಸಿನಲ್ಲಿ ಕೆಟ್ಟರೆ ಸುಮ್ನೆ ಕ್ರೋಮಿಗೆ ಹೋಗಿಬಿಡಬೇಡಿ. ಮೆನುವಿನಲ್ಲಿ ‘ರಿಪೋರ್ಟ್ ಬ್ರೋಕನ್ ಸೈಟ್’ ಅಂತ ಇದೆ, ಅರ್ಧ ನಿಮಿಷದ ಕೆಲಸ. ಈ ದೂರುಗಳನ್ನು ನೋಡಲೆಂದೇ ಮೊಜಿಲ್ಲಾದಲ್ಲಿ ಒಂದು ತಂಡ ಇದೆ. ಸೈಟಿನವರು ತಿದ್ದದಿದ್ದಾಗ ಬ್ರೌಸರಿನಲ್ಲೇ ಆ ಸೈಟಿಗೆ ಮಾತ್ರ ಒಂದು ತೇಪೆ ಹಾಕುತ್ತಾರೆ. ವಿಳಾಸ ಪಟ್ಟಿಯಲ್ಲಿ ‘ಅಬೌಟ್’, ಎರಡು ಚುಕ್ಕಿ, ‘ಕಂಪ್ಯಾಟ್’ ಅಂತ ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿ. ಹಾಗೆ ಹಾಕಿದ ತೇಪೆಗಳ ಪಟ್ಟಿ ಇರುತ್ತದೆ, ಸೈಟಿನ ಹೆಸರಿನ ಸಮೇತ.